ಮೂರು ಪೊಟ್ಟಣ, ಒಂದೇ ರಾಶಿ

ಟೈಲ್ಸ್ ಮೇಸ್ತ್ರಿಗೆ ಎಂಥ ಸೊಟ್ಟ ನೆಲವನ್ನಾದರೂ ಮಟ್ಟ ಮಾಡಿ ಗೊತ್ತಿತ್ತು. ಎಂಟು ವರ್ಷದ ಒಂದು ಹುಡುಗಿಯನ್ನು ಮಾತಿಗೆಳೆಯುವುದು ಮಾತ್ರ ಅವನ ಕೈಲಾಗಿರಲಿಲ್ಲ. ಅವಳು ಹೆಂಡತಿಯ ಮಗಳು. ಮದುವೆಯಾಗಿ ಅವನು ಈ ಮನೆಗೆ ಬಂದು ತಿಂಗಳುಗಳೇ ಕಳೆದಿದ್ದರೂ ಹುಡುಗಿ ಅವನಿಗೋಸ್ಕರ ‘ಹೂಂ’, ‘ಉಹೂಂ’ ಬಿಟ್ಟು ಮೂರನೆಯ ಪದ ಖರ್ಚು ಮಾಡಿರಲಿಲ್ಲ. ಅವಳ ಬಾಯಿಂದ ಒಂದೇ ಒಂದು ಪೂರ್ತಿ ಮಾತು ಬಿದ್ದರೆ ಸಾಕು ಎಂದು ಅವನ ಜೀವ ಹಂಬಲಿಸುತ್ತಿತ್ತು.

ಆ ಭಾನುವಾರ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತು. ಇಬ್ಬರೂ ಚೆನ್ನಾಗಿರಿ ಎಂದು ಹೇಳಿ ಅವಳು ಹೊರಟಳು. ಮೇಸ್ತ್ರಿ ಬೀರುವಿನ ಮೇಲೆ ಬಚ್ಚಿಟ್ಟಿದ್ದ ಡಬ್ಬಿಯನ್ನು ಇಳಿಸಿದ. ಒಳಗಿದ್ದದ್ದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳು. ನೆಪ ಹುಡುಗಿಯದಾದರೂ, ಅಂಗಡಿಯಲ್ಲಿ ಅದನ್ನು ಕಂಡು ಬಾಯಲ್ಲಿ ನೀರೂರಿದ್ದು ಅವನಿಗೇ.

ಅವನ ಕಾಲದಲ್ಲಿ ಇಟ್ಟಿಗೆಯೆಂದರೆ ಕೆಂಪು, ಬಿಳಿ, ಅಷ್ಟಕ್ಕೆ ಮುಗಿಯಿತು. ಅಣ್ಣನ ಕೈ ದಾಟಿ ಬಂದವು ಬೇರೆ. ಬಿಗಿಯಾಗಿ ಕೂತದ್ದನ್ನು ಬಿಡಿಸಲು ಹಲ್ಲೇ ಇಕ್ಕಳವಾಗಿದ್ದರಿಂದ ಎಲ್ಲದರ ಮೇಲೂ ಅಣ್ಣನ ಹಲ್ಲಿನ ಗುರುತು. ಬೆಳಿಗ್ಗೆ ಬಸ್ಸಾಗಿದ್ದದ್ದು ಸಂಜೆಗೆ ಹಡಗಾಗುತ್ತಿತ್ತು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು, ಅದು ನೋಡುವವರ ಕರ್ಮ. ಡ್ರೈವರ್ ಸೀಟಿನಲ್ಲಿ ಅಪ್ಪನ ಅಂಗಿಯ ಗುಂಡಿ ಕೂರುತ್ತಿತ್ತು. ಎಂಥಾ ಸುಖದ ದಿನಗಳು ಅವು!

ಈ ಡಬ್ಬಿಯಲ್ಲೋ ಇಡೀ ಒಂದು ರೈಲು ನಿಲ್ದಾಣ. ಗಡಿಯಾರ, ದೀಪದ ಕಂಬ, ಕಾಳಿನಷ್ಟು ಲೋಟ, ಒಂದು ಕಡೆ ಬಿಟ್ಟರೆ ಇನ್ನೆಲ್ಲೂ ಕೂರದ ಬಾಗಿದ ತುಂಡುಗಳು. ಸ್ಟೇಷನ್ ಮಾಸ್ತರನ ಕೂದಲನ್ನು ಕಳಚಿ ಬೇರೆ ಕೂದಲು ಹಾಕಬಹುದಿತ್ತು. ನೆತ್ತಿ ಬೋಳಾಗುತ್ತಿದ್ದ ಮೇಸ್ತ್ರಿಗೆ ಅದನ್ನು ನೋಡಿ ನಿಜಕ್ಕೂ ಹೊಟ್ಟೆ ಉರಿಯಿತು. ಯಾವುದರ ಮೇಲೆ ಯಾವುದು ಎಂದು ತೋರಿಸುವ ದಪ್ಪ ಪುಸ್ತಕ ಬೇರೆ. ತುಂಡುಗಳೆಲ್ಲ ಒಂದು, ಎರಡು, ಮೂರು ಎಂದು ನಂಬರು ಹಾಕಿದ ಪೊಟ್ಟಣಗಳಲ್ಲಿ ಅಚ್ಚುಕಟ್ಟಾಗಿದ್ದವು.

ಹುಡುಗಿ ಎದುರಿಗೆ ಬಂದು ಕೂತು ಪುಸ್ತಕದ ಮೊದಲ ಪುಟ ತೆರೆದಳು. ಅವಳು ಆ ಪುಟ ನೋಡಿ ಮುಗಿಸುವಷ್ಟರಲ್ಲಿ ಮೇಸ್ತ್ರಿ ಮೂರೂ ಪೊಟ್ಟಣ ಹರಿದು, ನೆಲದ ಮೇಲೆ ಒಂದೇ ರಾಶಿ ಸುರಿದು, ಎರಡೂ ಅಂಗೈಯಿಂದ ಚೆನ್ನಾಗಿ ಕಲಸಿಯೂ ಬಿಟ್ಟಿದ್ದ.

“ಯಾಕೆ ಹೀಗ್ ಮಾಡಿದ್ರಿ? ನಂಬರ್ ಹಾಕಿತ್ತಲ್ಲ. ಒಂದು ಮುಗಿದ್ಮೇಲೆ ಇನ್ನೊಂದು ಬಿಚ್ಚಬೇಕು. ಈಗ ಹೇಗೆ ಹುಡುಕೋದು?”

ಬೈಗುಳವೇ ಇರಲಿ, ಪೂರ್ತಿ ಮಾತು! ಖುಷಿಪಡಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಮೇಸ್ತ್ರಿ ಪೆಚ್ಚಾಗಿ ಕೂತ. ಅವಳ ಕಣ್ಣಂಚು ಒದ್ದೆಯಾದದ್ದು ಕಂಡ ಮೇಲೆ ಖುಷಿ ಜರ್ರನೆ ಇಳಿಯಿತು.

“ಕೆಲಸದ ಚಾಳಿ ಕಣಮ್ಮ,” ಎಂದ. ಒಂದು ಪೆಟ್ಟಿಗೆಯ ಟೈಲ್ಸಿಗೂ ಇನ್ನೊಂದರದಕ್ಕೂ ಬಣ್ಣ ಕೂದಲೆಳೆಯಷ್ಟು ಬೇರೆ ಇರುತ್ತದೆ, ಪೆಟ್ಟಿಗೆ ಪೆಟ್ಟಿಗೆಯಾಗಿ ಹಾಸಿದರೆ ನೆಲ ತೇಪೆ ಹಾಕಿದ ಹಾಗೆ ಕಾಣುತ್ತದೆ, ಅದಕ್ಕೇ ಮೊದಲು ಎಲ್ಲ ಬಿಚ್ಚಿ ಬೆರೆಸಿಬಿಡುವುದು ಎಂದು ತಡವರಿಸುತ್ತ ವಿವರಿಸಿದ.

ಹುಡುಗಿ ಮೂಗೊರೆಸಿಕೊಂಡು, ಅವರು ಕೂತಿದ್ದ ನೆಲವೂ ಹಾಗೆಯೇ ಏನು ಎಂದು ಕೇಳಿದಳು. ಅದನ್ನು ಹಾಸಿದವರು ಯಾರೋ, ಆದರೆ ಕಸುಬು ಬಲ್ಲವರೇ. ಇಬ್ಬರೂ ಕೆನ್ನೆಯನ್ನು ನೆಲಕ್ಕಾನಿಸಿ ಮಲಗಿ ಕಿಟಕಿಯ ಬೆಳಕಿಗೆ ನೋಡಿದರು. ಒಂದು ತಿಳಿ, ಪಕ್ಕದ್ದು ಗಾಢ, ಆಮೇಲೆ ಎರಡು ತಿಳಿ. ಹುಟ್ಟಿದಾಗಿನಿಂದ ಓಡಾಡಿದ ನೆಲ ಅವಳಿಗೆ ಅವತ್ತೇ ಕಂಡದ್ದು. ಮೇಸ್ತ್ರಿಗಿಂತ ಮೊದಲು ಅವಳೇ ಒಂದೊಂದನ್ನೂ ತೋರಿಸತೊಡಗಿದಳು.

ಆಮೇಲೆ ಪುಸ್ತಕವನ್ನು ಕೇಳುವವರೇ ಇರಲಿಲ್ಲ. ಕೈಗೆ ಸಿಕ್ಕಿದ ಬಣ್ಣ ಹಾಕಿ ಗೋಡೆ ಎದ್ದಿತು. ಲೋಟ ಚಾವಣಿಯ ಮೇಲೆ ಹೊಗೆಗೂಡಾಯಿತು. ಅದು ನಿಲ್ದಾಣವೋ ಹಡಗೋ ಎಂದು ಇಬ್ಬರಲ್ಲೂ ವಾದ ಹತ್ತಿತು. ಮೇಸ್ತ್ರಿ ಬೇಕೆಂದೇ ಸೋತ, ಮತ್ತೆ ಬೇಕೆಂದೇ ಸೋಲನ್ನು ಒಪ್ಪದೆ ಹಟ ಹಿಡಿದ. ಹುಡುಗಿ ಬಿದ್ದು ಬಿದ್ದು ನಕ್ಕಳು.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳೇ ಇಟ್ಟಿಗೆಯೊಂದನ್ನು ತುಳಿದು ಕುಂಟಿದಳು. ದಿನವೆಲ್ಲ ನಿಂತು ದಣಿದ ಕಾಲು. ಕೋಣೆಯ ತುಂಬ ಚೆಲ್ಲಿದ ರಾಶಿಯನ್ನೂ ಹರಿದ ಪೊಟ್ಟಣಗಳನ್ನೂ ನೋಡಿ ಅವಳಿಗೆ ರೇಗಿತು.

“ಎಲ್ಲ ಒಟ್ಟಿಗೆ ಸುರಿದೋರು ಯಾರು?” ಎಂದು ಕೇಳಿ ನೆಟ್ಟಗೆ ಗಂಡನ ಮುಖ ನೋಡಿದಳು.

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹುಡುಗಿ, ಜೋಡಿಸುತ್ತಿದ್ದ ಇಟ್ಟಿಗೆಯಿಂದ ಕಣ್ಣೆತ್ತದೆ, “ನಾನೇ ಸುರಿದಿದ್ದು. ಅವರಿಗೇನೂ ಅನ್ಬೇಡ,” ಎಂದಳು.

ತಟ್ಟೆಯಲ್ಲಿ ಪಲ್ಯಕ್ಕೆ ಮೊಸರು ತಾಗಿದರೂ ಊಟ ಬಿಟ್ಟೇಳುವ ಮಗಳನ್ನು ತಾಯಿ ಬಲ್ಲಳು. ಇಬ್ಬರನ್ನೂ ಒಮ್ಮೆ ನೋಡಿ, ಬರುತ್ತಿದ್ದ ನಗುವನ್ನು ನುಂಗಿಕೊಂಡು, ಕುಂಟುತ್ತಲೇ ಒಳಗೆ ಹೋದಳು.

ಹುಡುಗಿ ಮೊಣಕೈಯಿಂದ ಮೇಸ್ತ್ರಿಯನ್ನು ತಿವಿದು, ಸುಮ್ಮನೆ ಕೂರಬೇಡಿ, ಚಾವಣಿಗೆ ಇನ್ನೊಂದು ಉದ್ದದ್ದು ಹುಡುಕಿಕೊಡಿ ಎಂದಳು.