ಸಿರಸಂಗಿಯ ಎರಡನೆಯ ಕರೆ

ಅಳಿಸಿದ್ದ ಹೆಸರು ಪರದೆಯ ಮೇಲೆ ಮತ್ತೆ ಮೂಡಿದಾಗ ಮೇಲ್ವಿಚಾರಕ ಶ್ರೀಶೈಲ ಕೈಯಲ್ಲಿದ್ದ ಚಹದ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ.

“ಇದೇನ್ರೀ ರಾಜೇಶ್ವರಿ, ಹೊರಗ ಹಾಕಿದ ಬೆಕ್ಕು ಹಿತ್ತಲ ಬಾಗಲದಿಂದ ಬಂದಂಗ ಬರಾಕ ಹತ್ತೇತಿ! ಈಗಷ್ಟ ಅಳಿಸಿದ್ರಲ್ಲಾ?”

“ಅಳಿಸೇನ್ರಿ ಸರ. ಹೋಗಿದ್ದು ನೀವೂ ನೋಡಿದ್ರಿ.”

ಬೈಲಹೊಂಗಲದ ಬಜಾರದಲ್ಲಿ, ಕಾಳಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ಜಾನುವಾರು ಚಿಕಿತ್ಸೆಯ ಸಹಕಾರಿ ಸಂಘವೊಂದರ ಯಂತ್ರಕೋಣೆ ಅದು. ಸುತ್ತಲಿನ ಯಾವ ಹಳ್ಳಿಯಲ್ಲಿ ದನ ಮೇವು ಬಿಟ್ಟರೂ ಅಲ್ಲಿನ ಕೇಂದ್ರದವರು ತಮ್ಮ ಟ್ಯಾಬಿನಲ್ಲಿ ನಾಲ್ಕು ಮಾತು ಬರೆದು ಗುಂಡಿ ಒತ್ತುತ್ತಾರೆ. ಕರೆ ಇಲ್ಲಿಗೆ ಬಂದು, ಹೆಸರಿಟ್ಟ ಒಂದು ಸಾಲಿನಲ್ಲಿ ನಿಂತು, ಅಲ್ಲಿಂದ ಹತ್ತಿರದ ವೈದ್ಯರಿಗೆ ಹೋಗುತ್ತದೆ. ಆ ಸಾಲಿಗೆ ಯಂತ್ರದವರು ಟಾಪಿಕ್ ಎನ್ನುತ್ತಾರೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿರುವ ಮೂರು ಯಂತ್ರಗಳಲ್ಲಿ ಅದರ ಪ್ರತಿಗಳಿರುತ್ತವೆ, ಒಂದು ಕೆಟ್ಟರೆ ಇನ್ನೊಂದು ಕಾಯಲೆಂದು. ದಸರೆಯ ಹೊತ್ತಿಗೆ ಹೊಸ ಸಾಲೊಂದನ್ನು ತೆರೆದು ಎಲ್ಲ ಟ್ಯಾಬುಗಳಿಗೂ ಹೊಸ ವಿಳಾಸ ಕಳಿಸಲಾಗಿತ್ತು. ಇಷ್ಟು ದಿನ ಎರಡು ಸಾಲುಗಳನ್ನೂ ಓದಿಕೊಂಡು ಬಂದಿದ್ದರು. ಈ ಮುಂಜಾನೆ ಹಳೆಯದನ್ನು ಓದುವುದು ನಿಲ್ಲಿಸಿ ಅಳಿಸಿಬಿಡಲು ಶ್ರೀಶೈಲ ಆಜ್ಞೆ ಮಾಡಿದ್ದ. ಮಧ್ಯಾಹ್ನ ಸಂಘದ ಅಧ್ಯಕ್ಷರು ಕೋಣೆ ನೋಡಲು ಬರುವವರಿದ್ದರು. ಪರದೆ ಚೊಕ್ಕವಾಗಿ ಕಾಣಬೇಕಿತ್ತು.

ಮೊದಲು ಅದು ಅಳಿಯಲೇ ಇಲ್ಲ. ಅಳಿಸಬೇಕೆಂಬ ಗುರುತು ಹೊತ್ತು ಸುಮ್ಮನೆ ಕೂತಿತ್ತು. ರಾಜೇಶ್ವರಿ ಒಂದೊಂದೇ ಯಂತ್ರವನ್ನು ವಿಚಾರಿಸುತ್ತ ಹೋದಾಗ, ಕರೆಂಟು ಹೋಗಿ ರಾಮದುರ್ಗದ್ದು ಮಲಗಿರುವುದು ತಿಳಿಯಿತು. ಮೂರೂ ಒಪ್ಪದೆ ಸಾಲು ಪೂರ್ತಿ ಅಳಿಯದು. ಅಲ್ಲಿಯವರಿಗೆ ಫೋನು ಮಾಡಿ ಯಂತ್ರವನ್ನು ಎಬ್ಬಿಸಿದ ಮೇಲೆ ಹಳೆಯ ಸಾಲಿನ ಹೆಸರು ಮಾಯವಾಯಿತು. ಆ ನೆಮ್ಮದಿ ಚಹ ಕುಡಿದು ಮುಗಿಸುವಷ್ಟು ಹೊತ್ತೂ ಉಳಿಯಲಿಲ್ಲ.

“ಯಂತ್ರದಾಗ ಹೊಕ್ಕು ಬೇರಸಹಿತ ಕಿತ್ತು ಒಗೀರಿ. ಮತ್ತ ಹುಟ್ಟದಂಗ ಬೀಗಾ ಜಡೀರಿ,” ಎಂದ ಶ್ರೀಶೈಲ.

“ತಾನಾಗೇ ಹುಟ್ಟೂದಿಲ್ರಿ ಸರ. ಯಾರರ ಆ ಹೆಸರಿಗೆ ಕರೆ ಕಳಿಸಿದ್ರ ಯಂತ್ರ ಅದನ್ನ ಮತ್ತ ಕಟ್ತೈತಿ. ಯಾರಂತ ನೋಡೂಣ್ರಿ.”

“ಯಾರೂ ಇಲ್ಲ. ಎಲ್ಲಾ ಕೇಂದ್ರ ಹೊಸದಕ್ಕ ಬಂದಾವಂತ ನಾನ ವರದಿ ಕೊಟ್ಟೇನಿ.”

“ಅವರನ್ನ ಕೇಳಿ ಕೊಟ್ರೇನ್ರಿ?”

ಶ್ರೀಶೈಲ ಕಿಟಕಿಯತ್ತ ನಡೆದ. ಕೇಳದೆ ಬರೆದ ವರದಿಯೂ ಸುಳ್ಳೇ. ಬರೆದವನಲ್ಲಿ ಸುಳ್ಳು ಹೇಳುವ ಉದ್ದೇಶವಿರಲಿಲ್ಲ ಎಂಬ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಒಂದನ್ನು ಇಲ್ಲವಾಗಿಸುವ ಅಧಿಕಾರವುಳ್ಳವನಿಗೆ, ಅದನ್ನು ನಂಬಿ ಯಾರಾದರೂ ನಿಂತಿದ್ದಾರೆಯೇ ಎಂದು ವಿಚಾರಿಸುವ ಹೊಣೆಯೂ ಇದೆ. ರಾಜೇಶ್ವರಿ ಪರದೆಯತ್ತ ತಿರುಗಿದಳು. ಸಾಲನ್ನು ತೆರೆದು ಓದಿದಳು.

ಅದರಲ್ಲಿ ಒಂದೇ ಕರೆ ಇತ್ತು. ‘ಸಿರಸಂಗಿ. ಶಟ್ಟೆವ್ವನ ಎಮ್ಮಿ. ಈಯಾಕ ಆಗವಲ್ದು. ಕರುವಿನ ಒಂದ ಕಾಲು ಹೊರಗ ಬಂದು ನಿಂತೈತಿ. ಮುಂಜಾನೆ ಕಳಿಸಿದ್ದಕ್ಕ ಯಾರೂ ಬಂದಿಲ್ಲ. ಲಗೂ ಬರ್ರಿ.’

ಮುಂಜಾನೆಯ ಕರೆ ಎಲ್ಲಿ ಹೋಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ಅವಳ ಕೈಯೇ ಅಳಿಸಿತ್ತು.

ಅವಳು ಸವದತ್ತಿಯ ಪಶುವೈದ್ಯೆ ರಂಜನಾಗೆ ಫೋನು ಹಚ್ಚಿದಳು. “ಡಾಕ್ಟರ, ಎಲ್ಲಿದ್ದೀರಿ?”

“ಇಲ್ಲೇ ಸವದತ್ತ್ಯಾಗ. ಕಾಲುಬಾಯಿ ಬ್ಯಾನಿ ಲಸಿಕಿ ಹಾಕಾಕ ಹತ್ತೇನಿ.”

“ಲಸಿಕಿ ಆಮ್ಯಾಲ ಹಾಕ್ರಿ. ಸಿರಸಂಗ್ಯಾಗ ಎಮ್ಮಿ ಮುಂಜಾನಿಂದ ಈಯಾಕ ತಿಣಕಾಡಾಕ ಹತ್ತೇತಿ.”

“ಮುಂಜಾನಿಂದ? ನನಗ ಕರೆನ ಬಂದಿಲ್ಲಲ್ರೀ!”

“ತಪ್ಪು ನಮ್ಮದು. ಬೈಯೂದು ಆಮ್ಯಾಲ ಬೈರಿ, ಮದ್ಲ ಗಾಡಿ ಹತ್ರಿ.”

ನಂತರ ಸಿರಸಂಗಿ ಕೇಂದ್ರ ನೋಡಿಕೊಳ್ಳುವ ನಿಜಗುಣಪ್ಪನಿಗೆ ಮಾಡಿದಳು. “ಕಾಕಾರ, ಡಾಕ್ಟರು ಹೊಂಟಾರ. ಎಮ್ಮಿ ಹೆಂಗೈತ್ರಿ?”

“ಉಸರು ಐತಿ ನೋಡ್ರಿ, ಅಷ್ಟ. ಶಟ್ಟೆವ್ವ ಅದರ ಕೊಳ್ಳ ಹಿಡಕೊಂಡು ಕುಂತಾಳ, ಏಳಂದ್ರ ಏಳವಲ್ಲಳು. ಮನಿಗೆ ಇರೂದ ಅದೊಂದ ಎಮ್ಮಿ. ಅಲ್ರೀ ಅಕ್ಕಾರ, ನಿಮ್ಮ ಯಂತ್ರಕ್ಕ ಕಿವಿ ಮಂದ ಆಗ್ಯಾವೇನು? ಎರಡೆರಡು ಸಲ ಕೂಗಬೇಕಾತು.”

“ನಿಮಗ ಹೊಸ ವಿಳಾಸ ಮುಟ್ಟಿಲ್ಲೇನ್ರಿ? ಖಂಡೇನವಮಿ ದಿನಾ ಕಳಿಸಿದ್ವಿ.”

“ಖಂಡೇನವಮಿಗಾ?” ಮುದುಕನ ದನಿಯಲ್ಲಿ ಅಂಥ ಹೊತ್ತಿನಲ್ಲೂ ನಗೆ ಸುಳಿಯಿತು. “ಅವತ್ತ ಆಯುಧಕ್ಕ ಯಾರರ ಕೈ ಹಚ್ತಾರೇನ್ರಿ? ಕುಡಗೋಲು, ಕೊಡ್ಲಿ, ನಿಮ್ಮ ಟ್ಯಾಬು, ಎಲ್ಲಾ ಪೂಜಾಕ್ಕ ಕುಂಡ್ರಿಸಿದ್ದೆ. ಅದನ್ನ ಬಂದ ಮಾಡಿ ವಿಭೂತಿ ಹಚ್ಚಿದ್ದೆ. ಎಬ್ಬಿಸಿದ್ದು ಬನ್ನಿ ಕೊಟ್ಟ ಮ್ಯಾಲ. ದುಡಿಯೂ ವಸ್ತುವಿಗೆ ವರ್ಷಕ್ಕೊಂದು ದಿನಾ ಸೂಟಿ ಬ್ಯಾಡೇನ್ರಿ?”

ವಿಳಾಸ ಹೊರಟದ್ದು ಆ ಒಂದು ದಿನ ಮಾತ್ರ. ಪೂಜೆಯಲ್ಲಿದ್ದ ಟ್ಯಾಬಿಗೆ ಅದು ತಲುಪಲಿಲ್ಲ. ಇದೇ ಮಣ್ಣಿನಲ್ಲಿ ಹುಟ್ಟಿದವರು, ಮನೆಯಲ್ಲಿ ಇದೇ ಪೂಜೆ ಮಾಡಿ ಬಂದವರು, ಕಚೇರಿಯ ಮೆಟ್ಟಿಲು ಹತ್ತಿದೊಡನೆ ಆ ದಿನದ ಅರ್ಥ ಮರೆತಿದ್ದರು. ರಾಜೇಶ್ವರಿಗೆ ಸಿಟ್ಟು, ನಾಚಿಕೆ ಒಟ್ಟಿಗೇ ಬಂದವು.

“ಕಾಕಾರ, ನೀವು ಎರಡನೇ ಸಲಾ ಒತ್ತಿದ್ರಲ್ಲ, ನಿಮ್ಮ ಉಪಕಾರ ದೊಡ್ಡದ್ರಿ.”

“ಉಪಕಾರ ಎಲ್ಲೀದು? ಒಮ್ಮಿ ಓ ಅನ್ನಲಿಲ್ಲಂದ್ರ ಇನ್ನೊಮ್ಮಿ ಕೂಗೂದ. ಆ ಕಡೆ ಯಾರರ ಇದ್ದ ಇರ್ತಾರಲ್ರಿ.”

ಅವಳು ಹಳೆಯ ಸಾಲನ್ನು ಓದುವ ಕೆಲಸಕ್ಕೆ ಮತ್ತೆ ಚಾಲನೆ ಕೊಟ್ಟಳು. ಶ್ರೀಶೈಲ ಕಿಟಕಿಯ ಬಳಿ ನಿಂತಿದ್ದ.

“ಅಧ್ಯಕ್ಷರು ಬರೂ ಹೊತ್ತಾತು. ಅದು ಹಂಗ ಇರ್ಲೇನ್ರಿ?”

“ಇರ್ಲ್ರಿ ಸರ. ಕೇಳಿದ್ರ ನಾ ಹೇಳತೇನಿ.”

“ನೀವ್ಯಾಕ ಹೇಳ್ತೀರಿ? ವರದಿ ನಂದು, ನಾನ ಹೇಳತೇನಿ,” ಎಂದವನು ಕುರ್ಚಿ ಎಳೆದುಕೊಂಡು ಫೋನು ಕೈಗೆತ್ತಿಕೊಂಡ. “ಹಲೋ, ಸಂಪಗಾಂವ ಕೇಂದ್ರ ಏನ್ರಿ? ನಮಸ್ಕಾರ್ರಿ. ಒಂದ ಮಾತು ಕೇಳೂದಿತ್ತು. ಮದ್ಲ ಕೇಳಬೇಕಾಗಿತ್ತು, ಕೇಳಿರಲಿಲ್ಲ...”

ಒಂದು ಕೇಂದ್ರ ಮುಗಿದು ಇನ್ನೊಂದಕ್ಕೆ ಅವನು ಹೋಗುತ್ತಿದ್ದಂತೆ ರಾಜೇಶ್ವರಿಯ ಕಣ್ಣು ಮಾತ್ರ ತನ್ನ ಫೋನಿನ ಮೇಲಿತ್ತು. ಕೊನೆಗೆ ಅದು ಮಿನುಗಿತು. ನಿಜಗುಣಪ್ಪ ವಿಡಿಯೋ ಹಚ್ಚಿದ್ದ. ಮೊದಲು ಕಂಡದ್ದು ರಂಜನಾಳ ಮೊಣಕೈವರೆಗೆ ತೊಯ್ದ ತೋಳು, ಆಮೇಲೆ ಒಂದು ಸುಕ್ಕುಗಟ್ಟಿದ ಮುಖ.

“ಯಾರ ಯವ್ವಾ ನೀನು? ಮಾರಿ ತೋರ್ಸು. ನಿನ್ನ ಹೊಟ್ಟಿ ತಣ್ಣಗಿರ್ಲಿ!”

“ನಾನಲ್ರಿ ಆಯಿ, ನಿಜಗುಣಪ್ಪ ಕಾಕಾ...”

ಶಟ್ಟೆವ್ವ ಕೇಳಿಸಿಕೊಳ್ಳಲಿಲ್ಲ. “ಹೆಣ್ಣ ಕರಾ ಯವ್ವಾ, ಹೆಣ್ಣ! ಏ ನಿಜಗುಣಾ, ಹಿಡಿಯೋ ಅದನ್ನ, ಬೀಳ್ತೈತಿ!”

ಫೋನನ್ನು ಮೇವಿನ ಗೋದಲಿಯ ಅಂಚಿಗೆ ಇಟ್ಟು, ನಿಲ್ಲಲು ತಡವರಿಸುತ್ತಿದ್ದ ಕರುವಿನತ್ತ ಎಲ್ಲರೂ ಓಡಿದರು. ಈಗ ತೆರೆಯಲ್ಲಿ ದನ ಕಟ್ಟುವ ದಂದಕ್ಕಿಯ ಕಪ್ಪು ತೊಲೆಗಳು, ಹಂಚಿನ ಸಂದಿನಿಂದ ಇಳಿದ ಒಂದು ಬಿಸಿಲಕೋಲು, ಅದರಲ್ಲಿ ತೇಲುವ ಹೊಟ್ಟಿನ ಧೂಳು. ಎಮ್ಮೆ ತನ್ನ ಕರುವನ್ನು ನೆಕ್ಕುವ ಸಪ್ಪಳ ಮಾತ್ರ ಎಡೆಬಿಡದೆ ಕೇಳುತ್ತಿತ್ತು. ಶ್ರೀಶೈಲ ಮಾತು ನಿಲ್ಲಿಸಿ, ರಿಸೀವರನ್ನು ಎದೆಗೆ ಒತ್ತಿಕೊಂಡು, ಅವಳ ಹಿಂದೆ ಬಂದು ನಿಂತ. ಇಬ್ಬರಲ್ಲಿ ಯಾರೂ ಕರೆಯನ್ನು ಕತ್ತರಿಸಲಿಲ್ಲ.