ಟ್ಯಾಬಿಗೆ ಸಿಕ್ಕದ ಜಟಾಯು

"ಹೊಳೆಗೆ ಬಿಟ್ಟಿದ್ದನ್ನ ಹೊಳೆ ವಾಪಸ್ ಕೊಡ್ತದಾ?"

ಹೂವಮ್ಮ ಯಾರ ಮುಖವನ್ನೂ ನೋಡದೆ ಕೇಳಿದರು. ಅರಳಸುರಳಿಯ ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ ಶುರುವಾಗಲು ಇನ್ನು ಅರ್ಧ ಗಂಟೆ. ಅವರ ಅಪ್ಪ ಬರೆದಿಟ್ಟುಹೋದ ಜಟಾಯು ಪ್ರಸಂಗವನ್ನು ಹಾಡಲು ಹೆಗ್ಗೋಡಿನಿಂದ ಶ್ರೀಕಾಂತ ಭಾಗವತರು ಬಂದಿದ್ದರು. ಅವರೆದುರಿನ ಸ್ಟ್ಯಾಂಡಿನಲ್ಲಿ ಹೊಸ ಟ್ಯಾಬ್ ಬೆಳಗುತ್ತಿತ್ತು. ಅದರಲ್ಲಿ ಪದ್ಯ ಮಾತ್ರ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಸೊಟ್ಟ ಗೆರೆ, ಚುಕ್ಕಿ, ನಡುನಡುವೆ ಅರ್ಧ, ಮುಕ್ಕಾಲು.

"ಇದೆಂತ ಮಾರಾಯ, ಪದ್ಯವೋ ದಿನಸಿ ಚೀಟಿಯೋ?" ಎಂದರು ಭಾಗವತರು.

ಸಂಘದ ಕಾರ್ಯದರ್ಶಿ ಪ್ರಜ್ವಲ್ ಬೆವರು ಒರೆಸಿಕೊಂಡ. "ಹಳೇ ಫಾಂಟು, ಭಾಗವತ್ರೆ. ಟೈಪ್ ಮಾಡಿದ ಅಂಗಡಿ ಕಂಪ್ಯೂಟರಲ್ಲಿ ಸರಿಯಾಗೇ ಕಾಣ್ತದೆ. ಟ್ಯಾಬಿಗೆ ಆ ಫಾಂಟ್ ಹತ್ತಲ್ಲ. ಬದಲಾಯಿಸೋ ಸಾಫ್ಟ್‌ವೇರೂ ಇದ್ರಲ್ಲಿ ಓಡಲ್ಲ. ತೀರ್ಥಹಳ್ಳಿಗೆ ಫೋನ್ ಮಾಡ್ದೆ, ಭಾನುವಾರ, ಅಂಗಡಿ ಬಾಗ್ಲು ಹಾಕಿದೆ."

ಹೂವಮ್ಮ ಪ್ರಜ್ವಲ್ ಕಡೆ ತಿರುಗಿದರು. ಅಪ್ಪನ ಕೈಬರಹದ ಪುಸ್ತಕ ಗೆದ್ದಲು ತಿಂದು ಅಂಚೆಲ್ಲ ಪುಡಿಯಾಗಿದ್ದರೂ ಅಕ್ಷರ ಉಳಿದಿತ್ತು. ದೇವರ ಕಥೆಯ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ, ಕಾಲಿಗೆ ತಾಗುವಂತಿಲ್ಲ. ಎಲ್ಲ ಕಂಪ್ಯೂಟರಿಗೆ ಏರಿದೆ ಎಂದು ಇದೇ ಪ್ರಜ್ವಲ್ ಹೇಳಿದ ಮೇಲಲ್ಲವೇ ಅವರು ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಕೈಮುಗಿದು ತುಂಗೆಗೆ ಬಿಟ್ಟದ್ದು?

"ಟ್ಯಾಬಲ್ಲಿ ಒಂದ್ಸಲ ತೆಗ್ದು ನೋಡಿದ್ಯಾ?"

"ಇಲ್ಲ ಚಿಕ್ಕಮ್ಮ. ಬರ್ತದೆ ಅಂದ್ಕಂಡಿದ್ದೆ."

"ನಿನ್ ಅಂದ್ಕಳೋದ್ನ ನಂಬಿ ನಾನು ನಮ್ಮಪ್ಪನ್ನ ನೀರಿಗೆ ಹಾಕ್ದೆ ನೋಡು."

ಪ್ರಜ್ವಲ್ ತಲೆ ತಗ್ಗಿಸಿದ. ಆದರೆ ಅವನಿಗೊಂದು ದಾರಿ ಗೊತ್ತಿತ್ತು. ಬಾಲ್ಯದಿಂದ ಕಂಬಕ್ಕೆ ಒರಗಿ ಕೂತು ಕೇಳಿ ಕೇಳಿ ಹೂವಮ್ಮನಿಗೆ ನೂರಹನ್ನೆರಡು ಪದ್ಯವೂ ಬಾಯಿಗೆ ಬರುತ್ತಿದ್ದವು. ಕಳೆದ ವರ್ಷ ಅವರು ಭಾಗವತರ ಜೊತೆ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಾಗ, ಮೈಕಿಗೆ ಗುಣುಗುಣು ಬೀಳ್ತದೆ ಎಂದು ಹಿಂದಿನ ಸಾಲಿಗೆ ಎಬ್ಬಿಸಿ ಕಳಿಸಿದವನೂ ಇವನೇ.

"ಚಿಕ್ಕಮ್ಮ, ನೀವು ಪರದೆ ಹಿಂದೆ ಕೂತು ಒಂದೊಂದೇ ಸಾಲು ಮೆಲ್ಲಗೆ ಹೇಳ್ಕೊಡಿ. ಭಾಗವತ್ರು ಟ್ಯಾಬ್ ನೋಡ್ತಾ ಹಾಡ್ತಾರೆ."

"ಪರದೆ ಯಾಕೆ? ಭಾಗವತ್ರ ಪಕ್ಕದಲ್ಲೇ ಕೂತು ಹೇಳ್ತೀನಿ. ಆ ಟ್ಯಾಬ್ ಮುಚ್ಚಿ ಆಚೆ ಇಡು."

"ಅದು ಕಾಣ್ಬೇಕು. ಟ್ಯಾಬ್ ಕೊಟ್ಟವರು ಈಗ ಬಂದು ಎದ್ರಿಗೇ ಕೂರ್ತಾರೆ. ಓದ್ತಿರೋ ಹಾಗೆ ಫೋಟೋ ತೆಗೀಬೇಕು."

ಭಾಗವತರು ತಾಳ ಕೆಳಗಿಟ್ಟರು. "ನಂಗೆ ಪಕ್ಕದಲ್ಲಿ ಕೂತ್ರೆ ಅಡ್ಡಿಲ್ಲೆ, ಹೂವಮ್ಮ."

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು. ಪ್ರಜ್ವಲ್ ಕೈಮುಗಿದ. "ಇವತ್ತೊಂದು ದಿನ ಚಿಕ್ಕಮ್ಮ, ಪರದೆ ಹಿಂದೆ. ನಿಮ್ಮಪ್ಪನ ಪದ್ಯಕ್ಕೋಸ್ಕರ."

ಹೂವಮ್ಮ ಸೆರಗು ಸರಿಮಾಡಿಕೊಂಡು ಭಾಗವತರ ಪಕ್ಕದ ಖಾಲಿ ಚಾಪೆಯ ಮೇಲೆ ಕೂತರು.

"ಆಗಲ್ಲ," ಎಂದರು.