ಹೂ ಬಿಟ್ಟರೂ ಕಾಯಿ ಕಚ್ಚದ ಗುಡ್ಡ

ಗುಡ್ಡದ ತುಂಬ ಹೂವು. ಒಂದೇ ಒಂದು ಕಾಯಿಯಿಲ್ಲ.

ಗಂಟೆಹೂವಿನ ಗಿಡ ಆ ಗುಡ್ಡ ಬಿಟ್ಟು ಬೇರೆಲ್ಲೂ ಬೆಳೆಯದು. ಅಲ್ಲೂ ಬೆರಳೆಣಿಕೆಯಷ್ಟೇ ಉಳಿದಿದ್ದವು. ಊರಿನ ಮಹಿಳಾ ಸಂಘದ ಹೆಂಗಸರು ಕಡ್ಡಿ ಕತ್ತರಿಸಿ ತಂದು, ಬೇರು ಬರಿಸಿ, ಸಸಿ ಮಾಡಿ ಗುಡ್ಡದ ತುಂಬ ನೆಟ್ಟರು. ಸಸಿತೋಟದ ಉಸ್ತುವಾರಿ ದೊಡ್ಡಕ್ಕನದು. ಗಿಡ ಬೀಜ ಕಟ್ಟದಿದ್ದರೆ, ನೆಟ್ಟವು ಮುದಿಯಾದ ದಿನ ವಂಶವೇ ಮುಗಿಯಿತು. ಅದು ಗೊತ್ತಿದ್ದೇ ಅವಳು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದಳು.

"ಗೊಬ್ಬರ ಸಾಲದೇನೋ," ಎಂದ ಬೋಳುತಲೆಯ ಗಂಡ.

"ನಿಮ್ಮ ತಲೆಗೆ ಹಾಕ್ತೀನಿ ಗೊಬ್ಬರ. ಅಲ್ಲಾದ್ರೂ ಏನಾದ್ರೂ ಬೆಳೆದೀತು!"

ಅವಳ ನಾದಿನಿ ಸಸ್ಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ರಜೆಗೆ ಬಂದಾಗ ಗುಡ್ಡದ ಗಿಡಗಳ ಎಲೆ ಕಿತ್ತು ಪರೀಕ್ಷೆಗೆ ಒಯ್ದಿದ್ದಳು. ಈಗ ಫಲಿತಾಂಶ ತಿಳಿದು ನೇರ ಅಡುಗೆಮನೆಗೇ ನುಗ್ಗಿದಳು.

"ಅತ್ತಿಗೆ, ಕಡ್ಡಿ ಎಲ್ಲಿಂದ ತಂದ್ರಿ?"

"ಗುಡ್ಡದ ಬಾವಿ ಹತ್ತಿರದ ಗಿಡದಿಂದ. ಅಷ್ಟು ಚೆಂದದ್ದು ಇನ್ನೊಂದಿಲ್ಲ."

"ಎಲ್ಲಾನೂ?"

"ಮತ್ತೆ? ಮುದ್ದಾದ್ದು ಬಿಟ್ಟು ಸೊಟ್ಟಗಿಡದ ಕಡ್ಡಿ ನೆಡೋಕೆ ನಂಗೇನು ಹುಚ್ಚಾ?"

"ಹಾಗಾದ್ರೆ ನೀವು ನೆಟ್ಟಿರೋದು ಒಂದೇ ಗಿಡ. ಕಡ್ಡಿಯಿಂದ ಬಂದದ್ದು ತಾಯಿಯ ಪಡಿಯಚ್ಚು. ಈ ಜಾತಿಗೆ ತನ್ನ ಪರಾಗ ತನಗೇ ಒಗ್ಗಲ್ಲ. ಒಂದೇ ಮನೆಯೋರು ತಮ್ಮೊಳಗೇ ಬೀಗರಾಗೋಕಾಗುತ್ತಾ?"

ಸೌಟು ನಿಂತಿತು. "ಎಲ್ಲಾ ಗಂಟೆಹೂವೇ ಅಲ್ವೇನೇ? ಅದ್ರಲ್ಲೇನು ಮನೆತನ?"

"ನೀವೂ ನಮ್ಮಣ್ಣನೂ ಮನುಷ್ಯರೇ. ಒಂದೇ ಥರ ಇದ್ದೀರಾ? ನಿಮಗೆ ಸಿಟ್ಟು, ಅವನಿಗೆ ನಿದ್ದೆ. ಗಿಡಗಳ ಒಳಗುಣಾನೂ ಹಾಗೇ. ಒಂದು ಬಿಸಿಲು ತಡೆಯುತ್ತೆ, ಒಂದು ರೋಗ ತಡೆಯುತ್ತೆ. ಎಲ್ಲಾ ಒಂದೇ ಆದ್ರೆ ಒಂದು ರೋಗ ಸಾಕು, ಗುಡ್ಡ ಬೋಳು. ಬಂಡೆ ಸಂದೀದು, ತೊರೆ ದಡದ್ದು, ಕಲ್ಲುಕ್ವಾರಿ ಹಿಂದಿಂದು, ಈ ಮೂರು ಗಿಡಾನೂ ಬೇರೆ ಬೇರೆ ಅಂತ ಪರೀಕ್ಷೇಲಿ ಬಂದಿದೆ. ದೂರ ದೂರ ಇರೋದ್ರಿಂದ ಒಂದರ ಪರಾಗ ಇನ್ನೊಂದಕ್ಕೆ ತಲುಪ್ತಿಲ್ಲ."

ಗಂಡ ನಕ್ಕ. "ಕ್ವಾರಿ ಹಿಂದಿಂದಾ? ಅದನ್ನ ಇವಳು ಕಸ ಅಂತ ಕೀಳೋಕೆ ಹೊರಟಿದ್ಲು!"

"ಕಿತ್ತಿಲ್ವಲ್ಲ! ಹಲ್ಲು ಕಿಸಿಯೋದು ಬಿಟ್ಟು ಹಗ್ಗ ಹುಡುಕಿ."

ಅರಣ್ಯ ಇಲಾಖೆಯ ಒಪ್ಪಿಗೆ ಪಡೆದರು. ಗಂಡ ಹಗ್ಗ ಹಿಡಿದ, ದೊಡ್ಡಕ್ಕ ಬೈಯುತ್ತಲೇ ಬಂಡೆ ಸಂದಿಗೆ ಇಳಿದಳು. ಮೂರೂ ಕಡೆ ಗಿಡಕ್ಕೆ ನೋವಾಗದಷ್ಟೇ ಕಡ್ಡಿ ಕತ್ತರಿಸಿದರು. ಒಂದೊಂದು ತಾಯಿಗಿಡದ ಸಸಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ಗುಡ್ಡದಲ್ಲಿ ಎಲ್ಲ ಬಣ್ಣ ಬೆರೆಸಿ ನೆಟ್ಟರು.

ಆ ಸಸಿಗಳು ಹೂ ಬಿಟ್ಟ ವರ್ಷ ದೊಡ್ಡಕ್ಕನ ಕೂಗು ಬಸ್‌ನಿಲ್ದಾಣದವರೆಗೂ ಕೇಳಿಸಿತು.

"ಕಾಯಿ! ಕಾಯಿ ಕಚ್ಚಿದೆ ಕಣ್ರೇ!"

ಸಂಘವೇ ಗುಡ್ಡ ಹತ್ತಿತು. ಬಾವಿಯ ಗಿಡದ ಮಕ್ಕಳೂ ಕಾಯಿಯ ಭಾರಕ್ಕೆ ಬಾಗಿದ್ದವು. ಮುಂದಿನ ಮಳೆಗೆ, ಯಾರೂ ನೆಡದ ಮರಿಗಳು ನೆಲದಿಂದ ತಲೆಯೆತ್ತಿದವು. ದೊಡ್ಡಕ್ಕ ಮಂಡಿಯೂರಿ ನೋಡಿದಳು.

"ಇನ್ನು ಗುಡ್ಡಕ್ಕೆ ನಮ್ಮ ಹಂಗಿಲ್ಲ," ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಗಂಡ ಅಂದೇ ಮೊದಲು ಕೇಳಿದ್ದು.

ನೀವೂ ಅಪರೂಪದ ಗಿಡ ಉಳಿಸಹೊರಟಿದ್ದೀರಾ? ಒಂದೇ ಚೆಂದದ ಗಿಡಕ್ಕೆ ಜೋತುಬೀಳಬೇಡಿ. ಬಲ್ಲವರನ್ನು ಕೇಳಿ, ಎಲೆ ಪರೀಕ್ಷೆ ಮಾಡಿಸಿ, ಬೇರೆ ಬೇರೆ ತಾಯಿಗಿಡಗಳಿಂದ ಸಸಿ ಮಾಡಿ, ಬೆರೆಸಿ ನೆಡಿ. ಸೊಟ್ಟಗಿದೆಯೆಂದು ಯಾವ ಗಿಡವನ್ನೂ ಕೀಳಬೇಡಿ. ಕಿತ್ತ ಮೇಲೆ ಅತ್ತರೆ ಅದು ಮತ್ತೆ ಹುಟ್ಟುವುದಿಲ್ಲ.